ನೇಸರಗಿ ಕ್ಯಾಸೆಟ್ಟಿನ ಗಿಟಾರು

ಬೈಲಹೊಂಗಲದ ಬಜಾರದಲ್ಲಿ ನನ್ನದು ಔಷಧದ ಅಂಗಡಿ. ಪಕ್ಕದ್ದು ಕಲ್ಮೇಶನ ಫ್ಲೆಕ್ಸ್ ಬ್ಯಾನರಿನ ಅಂಗಡಿ. ಹುಟ್ಟುಹಬ್ಬದ ಪುಢಾರಿಗಳು, ಕಿತ್ತೂರು ಉತ್ಸವಕ್ಕೆ ಸ್ವಾಗತ ಕೋರುವವರು, ಮೊನ್ನೆ ತೀರಿಕೊಂಡ ಹಿರಿಯರು, ಎಲ್ಲರೂ ಅವನ ಯಂತ್ರದಿಂದ ನಗುತ್ತಲೇ ಹೊರಗೆ ಬರುತ್ತಾರೆ. ಯಂತ್ರದ ಸದ್ದು ಕೇಳಬಾರದೆಂದು ಅವನು ರಾಕ್ ಸಂಗೀತ ಹಚ್ಚುತ್ತಾನೆ. ಆ ಸಂಗೀತ ಕೇಳಬಾರದೆಂದರೆ ಏನು ಹಚ್ಚಬೇಕೋ ನನಗೆ ಗೊತ್ತಿಲ್ಲ. ತಲೆನೋವಿನ ಗುಳಿಗೆಗೆ ಬಂದವರು ನಡುವಿನ ಗೋಡೆಯನ್ನೊಮ್ಮೆ ನೋಡಿ, ಇನ್ನೊಂದು ಪಟ್ಟಿ ಹೆಚ್ಚಿಗೇ ಒಯ್ಯುತ್ತಾರೆ. ಅಷ್ಟರ ಮಟ್ಟಿಗೆ ಅವನಿಂದ ನನಗೆ ಉಪಕಾರವಾಗಿದೆ.

ಕಲ್ಮೇಶನಿಗೆ ಈ ಹುಚ್ಚು ಹತ್ತಿದ್ದು ಬೆಳಗಾವಿಯಲ್ಲಿ ಡಿಪ್ಲೊಮಾ ಓದುವಾಗ. ಕೋಣೆಯ ಜೊತೆಗಾರ ಗೋವಾದವನು. ರಜೆ ಮುಗಿಸಿ ಬರುವಾಗ ಚೀಲದ ತುಂಬ ಕ್ಯಾಸೆಟ್ ತರುತ್ತಿದ್ದ. ಡಿಪ್ಲೊಮಾ ಅರ್ಧಕ್ಕೆ ನಿಂತಿತು, ಹುಚ್ಚು ನಿಲ್ಲಲಿಲ್ಲ. ಆ ಹಾಡುಗಳ ಇಂಗ್ಲಿಷ್ ಅವನಿಗೆ ಇಂದಿಗೂ ಅರ್ಥವಾಗುವುದಿಲ್ಲ. ಅರ್ಥವಾದರೆ ರುಚಿ ಕೆಡುತ್ತದೆ ಎನ್ನುತ್ತಾನೆ. ಅವನ ಹೆಂಡತಿ ಅನ್ನಪೂರ್ಣಾ ಮದುವೆಯಾದ ಹೊಸತರಲ್ಲಿ ಒಳಕೋಣೆಯ ಗಿಟಾರಿನ ಸದ್ದು ಕೇಳಿ, ಮಿಕ್ಸರಿನಲ್ಲಿ ಚಮಚೆ ಸಿಕ್ಕಿಕೊಂಡಿದೆ ಎಂದು ಓಡಿ ಬಂದಿದ್ದಳಂತೆ. ಈಗ ಅವಳು ಓಡುವುದಿಲ್ಲ.

ಆದರೆ ಬರೀ ಹುಚ್ಚ ಎಂದು ಕೈಬಿಡುವ ಆಸಾಮಿಯಲ್ಲ. ಎಲ್ಲರೂ ಹೊಗಳುವ ಹಾಡು ಅವನಿಗೆ ಬೇಡ. ಒಂದು ತಂಡದ ಡೋಲಿನವನು ಇನ್ನೊಂದು ತಂಡದವರ ಮನೆಗೆ ಊಟಕ್ಕೆಂದು ಹೋಗಿ, ಸುಮ್ಮನೆ ಕುಳಿತು ಬಾರಿಸಿದ ಧ್ವನಿಮುದ್ರಣ ಬೇಕು. ಮಾರಾಟವಾಗದೆ ಗೋದಾಮಿನಲ್ಲೇ ಉಳಿದ ಕ್ಯಾಸೆಟ್ ಬೇಕು. ಯಾರ ಜೊತೆ ಯಾರು ಕೂಡಿದರು, ಕೂಡಿದ ಆ ಒಂದು ಸಂಜೆ ಏನು ಹುಟ್ಟಿತು, ಆಮೇಲೆ ಅದನ್ನು ಯಾಕೆ ಯಾರೂ ಕೇಳಲಿಲ್ಲ, ಇದೇ ಅವನ ಧ್ಯಾನ.

ನಾನೊಮ್ಮೆ ಸಿಟ್ಟಿನಿಂದಲೇ ಕೇಳಿದ್ದೆ: "ಅಲ್ಲೋ, ಜಗತ್ತಿನಾಗ ಛಲೋ ಹಾಡು ಖಾಲಿ ಆದುವೇನು?"

"ಬಸವಲಿಂಗಣ್ಣ, ಗೆದ್ದ ಹಾಡು ಎಲ್ಲಾರೂ ಕೇಳ್ತಾರ. ಸೋತದ್ದನ್ನ ಯಾರರ ಒಬ್ಬರು ಕೇಳಬೇಕಲ್ರಿ?" ಎಂದಿದ್ದ.

ಹೋದ ವರ್ಷ ಬೇಸಿಗೆಯಲ್ಲಿ ಗುಜರಿ ಅಂಗಡಿಯಿಂದ ಅವನು ಒಂದು ಡಬ್ಬಿ ಹಳೆಯ ಕ್ಯಾಸೆಟ್ ಹೊತ್ತು ತಂದ. ಒಂದರ ಮೇಲೆ "ನೇಸರಗಿ, ರಹಿಮಾನಸಾಬ ಮೈಕ್ ಸೆಟ್" ಎಂದು ಮುದ್ರೆಯಿತ್ತು. ಅದನ್ನು ಕೇಳಿದವನೇ ನನ್ನನ್ನು ಗಿರಾಕಿಗಳ ನಡುವಿನಿಂದ ಎಳೆದುಕೊಂಡು ಹೋದ.

ಹೆಣ್ಣುಮಗಳೊಬ್ಬಳು ಎಲ್ಲಮ್ಮನ ಪದ ಹಾಡುತ್ತಿದ್ದಳು. ಗಟ್ಟಿ ಗಂಟಲು. ಅವಳ ಧ್ವನಿಯ ಕೆಳಗಿನಿಂದ ಏನೋ ಒಂದು ಹರಿದುಕೊಂಡು ಮೇಲೆ ಬರುತ್ತಿತ್ತು. ಒಂದೇ ತಂತಿ, ಆದರೆ ಅದು ಬಾಗುತ್ತಿತ್ತು, ಅಳುತ್ತಿತ್ತು, ಗುರುಗುಟ್ಟುತ್ತಿತ್ತು. ನನಗೆ ಸಂಗೀತ ತಿಳಿಯುವುದಿಲ್ಲ. ಆದರೂ ಮುಂಗೈ ಕೂದಲು ನಿಮಿರಿದ್ದು ಸುಳ್ಳಲ್ಲ.

"ಗಿಟಾರ ಐತ್ರೀ ಇದು!" ಕಲ್ಮೇಶನ ಕಣ್ಣಲ್ಲಿ ನೀರಿತ್ತು. "ನಮ್ಮ ಸೀಮಿಯೊಳಗ, ಎಲ್ಲಮ್ಮನ ಪದಕ್ಕ, ಮೂವತ್ತು ವರ್ಷದ ಹಿಂದ ಯಾವನೋ ಇಂಥಾ ಗಿಟಾರ ಬಾರಿಸ್ಯಾನ. ಯಾರವ?"

ಅಲ್ಲಿಂದ ನನಗೂ ಆ ಗಿಟಾರಿನವನ ಚಿಂತೆ ಹತ್ತಿಕೊಂಡಿತು. ಮೊದಲು ರಾಮದುರ್ಗಕ್ಕೆ ಹೋದೆವು. ಅಲ್ಲಿನ ದುಂಡಪ್ಪ ಒಂದು ಕಾಲಕ್ಕೆ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ಹಿಡಿದು ಮೆರೆದವನು. ಈಗ ಸೀರೆ ಅಂಗಡಿ. ಕ್ಯಾಸೆಟ್ ಕೇಳುತ್ತಿದ್ದಂತೆ ಅವನ ಎದೆ ಉಬ್ಬಿತು. "ಇದು ನಂದs ಇರಬೇಕ್ರಿ," ಎಂದ. ಕಲ್ಮೇಶ ಅವನ ಕಾಲಿಗೆ ಬೀಳುವುದೊಂದು ಬಾಕಿ. ಅಟ್ಟದ ಮೇಲಿನ ಗಿಟಾರನ್ನು ಇಳಿಸಿ ಧೂಳು ಹೊಡೆದದ್ದಾಯಿತು. ದುಂಡಪ್ಪ ಬಾರಿಸಿದ, ನಿಲ್ಲಿಸಿದ, ಮತ್ತೆ ಬಾರಿಸಿದ. ಕೊನೆಗೆ ಅದನ್ನು ಸೀರೆಗಳ ಮೇಲೆ ಮಲಗಿಸಿ, "ಅಲ್ರಿ, ನಂದಲ್ಲ. ನಂದಿದ್ದರ ಭಾಳ ಛಲೋ ಇತ್ತು," ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೆ ಬೆರಳು ಆಡಿಸಲು ಬರುತ್ತಿದ್ದರೆ ನಾನೂ ನನ್ನದೇ ಎನ್ನುತ್ತಿದ್ದೆ.

ಮೊದಲೇ ಹೋಗಬೇಕಾಗಿದ್ದ ನೇಸರಗಿಗೆ ಆಮೇಲೆ ಹೋದೆವು. ರಹಿಮಾನಸಾಬರಿಗೆ ಎಂಬತ್ತು ಸಮೀಪಿಸಿತ್ತು. ಊರೂರಿಗೆ ಮಾತು ಕೇಳಿಸಿದ ಮನುಷ್ಯನಿಗೆ ಈಗ ಕಿವಿ ಮಂದ. ಮೊಮ್ಮಗಳು ಉಜ್ಮಾ, ಬಿ.ಎಡ್. ಓದುವವಳು, ನಮ್ಮ ಮಾತನ್ನು ಅವರ ಕಿವಿಗೆ ಮುಟ್ಟಿಸುತ್ತಿದ್ದಳು. ಕಲ್ಮೇಶ ಸ್ಪೀಕರನ್ನು ಅವರ ತೀರ ಸಮೀಪ ಇಟ್ಟು ಹಚ್ಚಿದ. ಮುದುಕರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಬಂದ್ ಮಾಡು ಬೇಟಾ," ಎಂದರು. "ಅದು ಗಿಟಾರ ಅಲ್ಲ. ಚೌಡಕಿ. ಉಗರಗೋಳದ ಲಗಮಪ್ಪಂದು."

ಕಲ್ಮೇಶ ಬಾಯಿ ತೆರೆದವನು ಹಾಗೇ ಕುಳಿತ. ಚೌಡಕಿ ಎಂದರೆ ಎಲ್ಲಮ್ಮನ ಪದಕ್ಕೆ ಹಿಮ್ಮೇಳದಲ್ಲಿ ಬಾರಿಸುವ ವಾದ್ಯ. ಕೊರೆದ ಮರದ ಕೊಳಗ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಬಯಲು, ನಡುವೆ ಒಂದೇ ತಂತಿ. ಕಂಕುಳಲ್ಲಿ ಹಿಡಿದು ಮೀಟುತ್ತಾರೆ. ನಾವಿಬ್ಬರೂ ಸಣ್ಣಂದಿನಿಂದ ಅದನ್ನು ಕೇಳುತ್ತಲೇ ಬಂದವರು. ತಂತಿ ಕೇಳಿದೊಡನೆ ಗೋವಾದ ಕಡೆಗೆ ಓಡಿದ ನಮ್ಮ ಕಿವಿಗೆ ಏನು ಹೇಳಬೇಕು?

"ಚೌಡಕಿ ಹಿಂಗ ಕೇಳ್ತೈತೇನ್ರೀ?" ಎಂದೆ ನಾನು.

"ಕೇಳೂದಿಲ್ಲ. ನಾ ಕೆಡಿಸೇನಿ, ಅದಕ್ಕ ಕೇಳ್ತೈತಿ."

ಆಗ ಅವರು ಹೇಳಿದ್ದು ಇಷ್ಟು. ಉಗರಗೋಳದ ಚನ್ನವ್ವ ಹಾಡುವವಳು, ಅವಳ ತಮ್ಮ ಲಗಮಪ್ಪ ಚೌಡಕಿಯವನು. ರಹಿಮಾನಸಾಬರಿಗೆ ಲಗಮಪ್ಪ ಜೀವದ ಗೆಳೆಯ. ಕ್ಯಾಸೆಟ್ ಕಂಪನಿಯೊಂದರವನು ಇವರ ಹಾಡು ಮುದ್ರಿಸಿ ಕಳಿಸಲು ಹೇಳಿದ್ದ. ಅಂಥ ಕೆಲಸದಲ್ಲಿ ಒಂದು ಮೈಕು ಹಾಡುವವರಿಗೆ, ಇನ್ನೊಂದು ತಾಳದವರಿಗೆ ಮತ್ತು ಹಿಂದಿನಿಂದ ಸೊಲ್ಲು ಎತ್ತಿ ಹಾಡುವವರಿಗೆ. ಚೌಡಕಿಗೆ ಯಾರೂ ಮೈಕು ಕೊಡುತ್ತಿರಲಿಲ್ಲ.

"ಗೆಳ್ಯಾನ ಕೈ ಯಾರಿಗೂ ಕೇಳವಲ್ದು ಅಂತ ನನಗ ಸಂಕಟ," ಎಂದರು ರಹಿಮಾನಸಾಬ. "ಭಾಷಣದವರು ಎದಿಗೆ ಸಿಗಿಸ್ಕೊಳ್ಳೂ ಸಣ್ಣ ಮೈಕ್ ಇತ್ತಲ್ಲ, ಅದನ್ನ ಅರಿವಿ ಸುತ್ತಿ ಚೌಡಕಿ ಒಳಗs ಇಳಿಬಿಟ್ಟೆ. ಮಿಷಿನ್ನಿಗೆ ಹೊರಿ ಆತು, ಧ್ವನಿ ಹರದು ಚಿಂದಿ ಆತು. ಕಂಪನಿಯಾಂವ ಒಗದುಬಿಟ್ಟ. ಎರಡನೇ ಸಲ ಕರೀಲೇ ಇಲ್ಲ. ಅಂದಿನಿಂದ ಲಗಮಪ್ಪ ನನ್ನ ಕೂಡ ಮಾತಾಡಿಲ್ಲ. ನಾನೂ ಉಗರಗೋಳಕ್ಕ ಹೋಗಿಲ್ಲ."

ಕಲ್ಮೇಶ ಅವರ ಎರಡೂ ಕೈ ಹಿಡಿದುಕೊಂಡ. "ಕೆಡಿಸಿಲ್ರಿ, ನೀವು ಕೆಡಿಸಿಲ್ಲ! ಈ ಹರದ ಧ್ವನಿಗೆ ಜಗತ್ತು ಕಾದು ಕುಂತೈತಿ. ಇದನ್ನ ನಾ ಯೂಟ್ಯೂಬಿಗೆ ಹಾಕ್ತೇನ್ರಿ."

ಮುದುಕರು ಕೈ ಬಿಡಿಸಿಕೊಂಡರು. "ಲಗಮಪ್ಪ ಹೂಂ ಅಂದರ ಹಾಕು. ಒಲ್ಲೆ ಅಂದರ ಒರಸಿಬಿಡು. ಕ್ಯಾಸೆಟ್ಟೂ, ನಿನ್ನ ಕಂಪ್ಯೂಟರಿನ್ಯಾಗಿಂದೂ. ಮಾತ ಕೊಡು."

ಕ್ಯಾಸೆಟ್ಟು, ಅದರಿಂದ ಕಲ್ಮೇಶ ಕಂಪ್ಯೂಟರಿಗೆ ಇಳಿಸಿಕೊಂಡದ್ದು, ಇವೆರಡು ಬಿಟ್ಟರೆ ಜಗತ್ತಿನಲ್ಲಿ ಆ ಹಾಡಿನ ಇನ್ನೊಂದು ಪ್ರತಿ ಇರಲಿಲ್ಲ. ಆದರೂ ಕಲ್ಮೇಶ ಮಾತು ಕೊಟ್ಟ.

ಮುಂದಿನ ರವಿವಾರ ನನ್ನ ಕಾರಿನಲ್ಲಿ ಹೊರಟೆವು. ರಹಿಮಾನಸಾಬರು ಬರುವುದಿಲ್ಲ, ಬರುವುದಿಲ್ಲ ಎನ್ನುತ್ತಲೇ ಟೊಪ್ಪಿಗೆ ಹಾಕಿಕೊಂಡು ಕಾರು ಹತ್ತಿದರು. ಉಗರಗೋಳದಲ್ಲಿ ಲಗಮಪ್ಪನ ಮನೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲೇ ಇತ್ತು. ಮುಂದಿನ ಪಡಸಾಲೆಯಲ್ಲಿ ಕುಂಕುಮ, ಭಂಡಾರದ ಅರಿಸಿನ, ಬಳೆ ಮಾರುವ ಅಂಗಡಿ. "ನೀವು ಹೋಗ್ರಿ, ನಾ ಇಲ್ಲೇ ಕುಂದರತೇನಿ," ಎಂದು ಮುದುಕರು ಕಾರಿನ ಗಾಜು ಏರಿಸಿಕೊಂಡರು.

ಲಗಮಪ್ಪ ಎತ್ತರದ ಆಳು. ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ವಿಷಯ ಕೇಳಿದೊಡನೆ ಮುಖ ಬಿಗಿದುಕೊಂಡ. ಆದರೂ ಕಲ್ಮೇಶ ತಂದಿದ್ದ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಕೇಳಿದ. ಹಾಡು ಮುಗಿದ ಮೇಲೆ, "ಕೆಟ್ಟೈತಿ," ಎಂದ.

ಕಲ್ಮೇಶ ಸೋಲಲಿಲ್ಲ. ಪರದೇಶದಲ್ಲಿ ಇಂಥ ಧ್ವನಿ ಬರಲೆಂದೇ ಯಂತ್ರ ಮಾಡುತ್ತಾರೆ ಎಂದು ಹೇಳಿದ. ನಂಬಿಕೆ ಬರಲಿ ಎಂದು ತನ್ನ ಪ್ರೀತಿಯ ಗಿಟಾರಿನದೊಂದು ತುಣುಕನ್ನು ಮೊಬೈಲಿನಲ್ಲಿ ಹಚ್ಚಿದ. ಲಗಮಪ್ಪ ಅದನ್ನೂ ಕಣ್ಣು ಮುಚ್ಚಿ, ಮರ್ಯಾದೆಯಿಂದ ಕೇಳಿದ.

"ಕೈ ಛಲೋ ಐತಿ ಇವಂದು," ಎಂದ. "ಪಾಪ, ಇವಂದೂ ಮೈಕ್ ಕೆಟ್ಟೈತಿ."

ನನಗೆ ನಗು ತಡೆಯಲಾಗಲಿಲ್ಲ. ಕಲ್ಮೇಶ ಮಾತ್ರ ನಗಲಿಲ್ಲ. "ನೀವು ಒಲ್ಲೆ ಅಂದರ ಇದನ್ನ ಒರಸ್ತೇನಿ ಅಂತ ರಹಿಮಾನಸಾಬರಿಗೆ ಮಾತ ಕೊಟ್ಟೇನ್ರಿ. ಆಮ್ಯಾಲೆ ಇದು ಜಗತ್ತಿನಾಗ ಇರೂದಿಲ್ಲ. ವಿಚಾರ ಮಾಡಿ ಹೇಳ್ರಿ," ಎಂದ.

"ವಿಚಾರ ಏನು ಬಂತು? ಒರಸು." ಲಗಮಪ್ಪ ಎದ್ದು ನಿಂತ. "ಧ್ವನಿ ಹರದದ್ದಕ್ಕ ನನಗ ಸಿಟ್ಟಿಲ್ಲ. ಚೌಡಕಿಯಾಂವ ಹಾಡಾಕಿ ಬೆನ್ನ ಹಿಂದ ಇರಬೇಕು. ಎಲ್ಲಮ್ಮನ ಹೆಸರು ತಗೊಳ್ಳಾಕಿ ಆಕಿ. ಇದರಾಗ ನಾ ಆಕೀ ತಲಿ ಮ್ಯಾಲೆ ಹತ್ತಿ ಕುಂತೇನಿ. ಅಕ್ಕನ್ನ ಹಿಂದ ತಳ್ಳಿ ತಮ್ಮ ಮುಂದ ನಿಂತಾನ ಅಂತ ಮಂದಿ ಅನ್ನೂದಿಲ್ಲೇನು? ರಹಿಮಾನ ನನ್ನ ಕಡಿಂದ ಅಂಥಾದ್ದು ಮಾಡಿಸಿಬಿಟ್ಟ."

ಕಲ್ಮೇಶ ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ ತೆಗೆದ. ರೀಲನ್ನು ಹೊರಗೆಳೆಯಲು ಬೆರಳು ಹಾಕಿದ, ಆದರೆ ಬೆರಳು ಅಲ್ಲೇ ನಿಂತಿತು. ಅವನು ಮಾತಿಗೆ ತಪ್ಪುವವನಲ್ಲ ಎಂದು ನನಗೆ ಗೊತ್ತಿತ್ತು.

"ತಡಿಯಪಾ," ಎಂಬ ಧ್ವನಿ ಅಂಗಡಿಯಿಂದ ಬಂತು. ಭಂಡಾರದ ಪೊಟ್ಟಣ ಕಟ್ಟುತ್ತ ಕುಳಿತಿದ್ದ ವಯಸ್ಸಾದ ಹೆಂಗಸು ಗೋಡೆ ಹಿಡಿದು ಎದ್ದು ಬಂದಳು. ಕೈಯೆಲ್ಲ ಅರಿಸಿನ. ಅವಳೇ ಚನ್ನವ್ವ. ನಾವು ಬಂದಾಗಿನಿಂದ ಅಲ್ಲೇ ಇದ್ದಳು. ಅವಳನ್ನು ಕೇಳಬೇಕೆಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

"ಅದನ್ನ ಇನ್ನೊಮ್ಮೆ ಹಚ್ಚು," ಎಂದಳು.

ಕಲ್ಮೇಶ ಕ್ಯಾಸೆಟ್ಟನ್ನು ಮತ್ತೆ ಒಳಗೆ ಹಾಕಿ ಹಚ್ಚಿದ. ಚನ್ನವ್ವ ನಿಂತೇ ಕೇಳಿದಳು. ಚೌಡಕಿ ಅವಳ ಧ್ವನಿಯನ್ನು ದಾಟಿ ಮೇಲೇರುವ ಕಡೆ ಬಂದಾಗ ತಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಲಗಮಾ," ಎಂದಳು, "ಸಣ್ಣಾಕಿದ್ದಾಗಿಂದ ನಾ ಮುಂದ ನಿಂತು ಹಾಡೇನಿ, ನೀ ಹಿಂದ ನಿಂತು ಬಾರಿಸೀದಿ. ನನ್ನ ಕಿವಿ ತುಂಬ ನನ್ನ ಧ್ವನಿನs ಇರತಿತ್ತು. ನೀ ಹಿಂಗ ಬಾರಿಸ್ತಿದ್ದಿ ಅಂತ ನನಗ ಇವತ್ತ ಗೊತ್ತಾತು."

"ಅಕ್ಕಾ, ಅದು ಮೈಕಿನ..."

"ಮೈಕ್ ಇರ್ಲಿ. ಬೆರಳು ನಿಂದs ಅಲ್ಲೇನು?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಅರಿಸಿನ ಹತ್ತಿತು. "ಒರಸಬ್ಯಾಡ್ರಿ. ನಾ ಅದನ್ನ ಇನ್ನೂ ಕೇಳಬೇಕು."

ಅಕ್ಕನ ಮುಖವನ್ನೇ ನೋಡುತ್ತಿದ್ದ ಲಗಮಪ್ಪ, ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಕಾರಿನಲ್ಲಿ ಯಾರಿದ್ದಾರೆಂದು ಕೇಳಿದ. ನಾನು ಹೇಳಿದೆ. ಅವನು ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿದ. ನಾನೂ ಕಲ್ಮೇಶನೂ ಗಾಬರಿಯಿಂದ ಹಿಂದೆ ಓಡಿದೆವು. ಅವನು ಕಾರಿನ ಬಾಗಿಲು ತೆರೆದ. ರಹಿಮಾನಸಾಬರು ಗೆಳೆಯನನ್ನು ನೋಡಿ ಏಳಲು ಹೋಗಿ, ಆಗದೆ, ಟೊಪ್ಪಿಗೆ ಸರಿಪಡಿಸಿಕೊಂಡರು. "ಒರಸಿದ್ರೇನು?" ಎಂದು ಕೇಳಿದರು.

"ಇಳಿ ಕೆಳಗ," ಎಂದ ಲಗಮಪ್ಪ. "ಅಕ್ಕ ಇನ್ನೊಮ್ಮೆ ಕೇಳ್ತಾಳಂತ. ಹಚ್ಚಾಕ ನೀನs ಬಾ."

ರಹಿಮಾನಸಾಬರಿಗೆ ಕೇಳಿಸಲಿಲ್ಲ. ಅವರು ಹೆದರಿದ ಕಣ್ಣಿನಿಂದ ನನ್ನನ್ನು, ಕಲ್ಮೇಶನನ್ನು ನೋಡಿದರು. ಲಗಮಪ್ಪ ಕಾರಿನೊಳಗೆ ಬಗ್ಗಿ, ಅವರ ಹೆಗಲ ಮೇಲೆ ಕೈ ಇಟ್ಟು, ಕಿವಿಯ ಹತ್ತಿರ ಬಾಯಿ ತಂದು ಇನ್ನೊಮ್ಮೆ ಹೇಳಿದ.