ತಮಟೆ ಬಡಿದದ್ದು ನಮ್ಮ ಮನೆಗೇ

ಹಲಸೂರಿನ ನಮ್ಮ ಮನೆಗೆ ಎರಡು ಬಾಗಿಲು. ದಕ್ಷಿಣದ್ದು ದೊಡ್ಡ ರಸ್ತೆಗೆ, ಉತ್ತರದ್ದು ಹಿಂದಿನ ಓಣಿಗೆ. ತೊಂಬತ್ತರ ದಶಕದಲ್ಲಿ ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡಾಗ ವಾಸ್ತು ಹೇಳುವವನೊಬ್ಬ ಬಂದು, ಯಮ ಒಳಗೆ ಬಂದದ್ದು ದಕ್ಷಿಣದ ಬಾಗಿಲಿನಿಂದಲೇ ಎಂದುಬಿಟ್ಟ. ಅಮ್ಮ ಅದಕ್ಕೆ ಒಳಗಿನಿಂದ ಮೊಳೆ ಹೊಡೆಸಿ, ಅಡ್ಡಲಾಗಿ ಬೀರು ನಿಲ್ಲಿಸಿದಳು. ನನಗೆ ಮೈಯೆಲ್ಲ ಉರಿಯಿತು. ಜಗಳವಾಡಿದೆ, ಸೋತೆ. ಕಾಲೇಜಿಗೆ ಓಣಿ ಸುತ್ತಿಕೊಂಡು ಹೋಗುವುದು ಅಭ್ಯಾಸವಾಯಿತು, ಮನೆಯ ಮುಂಭಾಗದ ಕಡೆ ಹೋಗುವುದೇ ನಿಂತಿತು.

ಮನೆ ಕಂದಾಯ ಕಟ್ಟುತ್ತಿದ್ದವನು ಅಪ್ಪ. ಅವನು ಹೋದ ಮೇಲೆ ಆ ವಿಷಯ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಕೆಲವು ವರ್ಷಗಳ ನಂತರ, ಆಷಾಢದ ಒಂದು ಬೆಳಿಗ್ಗೆ ತಮಟೆ ಕೇಳಿಸಿತು. ಆ ತಿಂಗಳು ಹಲಸೂರಿನ ಯಾವುದಾದರೂ ಬೀದಿಯಲ್ಲಿ ಮಾರಮ್ಮನ ಮೆರವಣಿಗೆ ಇದ್ದೇ ಇರುತ್ತದೆ. ಅಮ್ಮ ಬಿಂದಿಗೆ ನೀರಿಗೆ ಅರಿಶಿನ, ಬೇವಿನ ಸೊಪ್ಪು ಹಾಕಿಕೊಂಡು ಓಣಿಯ ಬಾಗಿಲಲ್ಲಿ ನಿಂತಳು. ತಮಟೆ ನಿಂತಿತು, ದೇವಿ ಬರಲಿಲ್ಲ.

“ಈ ಸಲ ಆ ಕಡೆಯಿಂದ್ಲೇ ಹೋಗ್ಬಿಟ್ಳು ಕಣೇ,” ಎಂದು ಪೇಚಾಡಿಕೊಂಡಳು.

ದೊಡ್ಡ ರಸ್ತೆಯಲ್ಲಿ ನಮ್ಮ ಮನೆಯೆದುರು ಅಂಗಡಿ ಇಟ್ಟಿದ್ದ ದರ್ಜಿ ಆಗ ಊರಿಗೆ ಹೋಗಿದ್ದ. ತಿಂಗಳಾದ ಮೇಲೆ ಬಂದವನೇ ಓಣಿಗೆ ಓಡಿಬಂದ.

“ಅಮ್ಮಾ, ನಾಳೆ ನಿಮ್ದು ಮನೆ ಹರಾಜ್ ಅಂತೆ! ಆ ಕಡೆ ಬಾಗ್ಲಿಗೆ ನೋಟೀಸ್ ಅಂಟ್ಸವ್ರೆ, ನೋಡಿಲ್ವಾ?”

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಕಂದಾಯ ಬಾಕಿ, ಬಹಿರಂಗ ಹರಾಜು, ನಮ್ಮ ಮನೆಯ ನಂಬರು, ಎಲ್ಲ ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ಇಡ್ಲಿ ಮಾರುವಾಕೆ ಮೆಲ್ಲಗೆ ಹೇಳಿದಳು, “ನಾನೂ ಓದ್ದೆ ಕಣಮ್ಮಾ. ಕೇಳಿದ್ರೆ ನಿಮ್ಗೆ ಅವಮಾನ ಆಗುತ್ತೆ ಅಂತ ಸುಮ್ನಾದೆ.” ಓದಿದವರೆಲ್ಲ ಹಾಗೆಯೇ ಸುಮ್ಮನಾಗಿದ್ದರಂತೆ. ಮನೆ ಹೋದರೂ ಸರಿ, ಇಡೀ ರಸ್ತೆ ನಮ್ಮ ಮರ್ಯಾದೆ ಕಾಯುತ್ತಾ ಕೂತಿತ್ತು!

ಅಮ್ಮನ ಬಳೆಗಳು ಅಂದೇ ಶಿವಾಜಿನಗರದ ಗಿರವಿ ಅಂಗಡಿ ಸೇರಿದವು. ಮರುದಿನ ಆಟೋದವನಿಗೆ ದಾರಿಯುದ್ದಕ್ಕೂ “ಬೇಗ, ಬೇಗ” ಎಂದು ಕಿರುಚಿದೆ. ನಾವು ಕಂದಾಯ ಕಚೇರಿ ತಲುಪಿದಾಗ ಕೊಳ್ಳುವವರು ಆಗಲೇ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಅವರ ಮುಖ ನೋಡಿ ನನಗೆ ಪಿತ್ತ ನೆತ್ತಿಗೇರಿತು.

“ನೋಟೀಸ್ ಅಂಟ್ಸೋವಾಗ ನಿಮ್ಮನೆ ಮುಂದೆ ತಮಟೆ ಹೊಡೆಸಿದ್ವಲ್ಲಮ್ಮಾ, ಕೇಳಿಸ್ಲಿಲ್ವಾ?” ಎಂದ ಅಧಿಕಾರಿ.

“ಕೇಳಿಸ್ತು ಸ್ವಾಮಿ. ಮಾರಮ್ಮ ಬಂದ್ಳು ಅಂತ ಬಿಂದಿಗೆ ಹಿಡ್ಕೊಂಡು ಕಾಯ್ತಿದ್ದೆ,” ಎಂದಳು ಅಮ್ಮ.

ಬೆಂಚಿನವರೂ ನಕ್ಕರು. ಬಾಕಿ ಕಟ್ಟಿದೆವು. ಹರಾಜು ರದ್ದಾಯಿತು. ನಾನು ಅಲ್ಲೇ ಅಮ್ಮನನ್ನು ಬಾಚಿ ತಬ್ಬಿಕೊಂಡೆ.

ಮನೆಗೆ ಬಂದವಳೇ ಅಮ್ಮ ಸೆರಗು ಸಿಕ್ಕಿಸಿ ಬೀರುವಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಸರಿಸಿದೆವು. ಬಾಗಿಲ ಸಂದಿಯಿಂದ ತೂರಿಸಿದ್ದ ಕಂದಾಯದ ಚೀಟಿಗಳು ಅಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ಅಮ್ಮ ಅವನ್ನು ಕಾಲಿನಿಂದ ಸರಿಸಿ ಮೊಳೆ ಕೀಳತೊಡಗಿದಳು.

“ಯಮ ಬರ್ತಾನಲ್ಲ?” ಎಂದು ಚುಚ್ಚಿದೆ.

“ಬರ್ಲಿ ಬಿಡೇ. ನಿಮ್ಮಪ್ಪನ್ನ ಕರ್ಕೊಂಡೋಗೋವಾಗ ಅವ್ನೇನು ತಮಟೆ ಹೊಡೆಸಿದ್ನಾ? ಈ ಕಂದಾಯದವ್ರು ಹೇಳಿಯಾದ್ರೂ ಬಂದ್ರು.”