ಗಿರಿಜಕ್ಕನಿಗೆ ನಾನು ಓದಿದ ಕಾಗದ

ಆಗೆಲ್ಲ ನಮ್ಮ ಆಲ್ದೂರಿನಲ್ಲಿ ಕಥೆ ಓದುವವರಿಗಿಂತ ಕಥೆ ಕೇಳುವವರೇ ಹೆಚ್ಚು. ಹೀಗೆಂದರೆ ನಮ್ಮ ಓದುಗರ ಗುಂಪಿನ ಹುಡುಗಿಯರು ನಗುತ್ತಾರೆ. ಪ್ರತಿ ಭಾನುವಾರ ಮೊಬೈಲಿನಲ್ಲಿ ನಮ್ಮದೊಂದು ಹರಟೆ ಇರುತ್ತದೆ, ಈ ವಾರ ಯಾರು ಏನು ಓದಿದಿರಿ, ಎಲ್ಲಿಗೆ ಬಂದಿರಿ ಅಂತ. ಒಬ್ಬಳು ಬಸ್ಸಿನಲ್ಲಿ ಮಾತ್ರ ಓದುತ್ತಾಳೆ. ಒಬ್ಬಳಿಗೆ ಕೊನೆಯ ಪುಟ ಮೊದಲು ನೋಡದಿದ್ದರೆ ಸಮಾಧಾನವಿಲ್ಲ. ಇನ್ನೊಬ್ಬಳು ರೊಟ್ಟಿ ತಟ್ಟುತ್ತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಡಿಯೋ ಪುಸ್ತಕ ಕೇಳುತ್ತಾಳೆ. ಕೇಳಿದ್ದನ್ನು ಓದಿದ್ದು ಅನ್ನಬಹುದೋ ಇಲ್ಲವೋ ಅಂತ ಹೋದ ತಿಂಗಳು ದೊಡ್ಡ ಜಗಳವೇ ಆಯಿತು. ನಾನೂ ಆಡಿಯೋ ಪುಸ್ತಕ ಕೇಳುವವಳೇ. ಆದರೆ ನನ್ನದೊಂದು ಹುಚ್ಚು ಅಭ್ಯಾಸ. ಅದೇ ಪುಸ್ತಕದ ಅಚ್ಚಾದ ಪ್ರತಿಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳುತ್ತೇನೆ. ಓದುವವರು ಒಂದು ಪದ ನುಂಗಿದರೂ ನನಗೆ ಎದೆ ಧಸಕ್ಕೆನ್ನುತ್ತದೆ.

"ಸುಮಿತ್ರಕ್ಕ, ನಿಮ್ಮ ದನಿ ಎಷ್ಟು ಚೆನ್ನಾಗಿದೆ! ನೀವೇ ಒಂದು ಪುಸ್ತಕ ಓದಿ ರೆಕಾರ್ಡ್ ಮಾಡಿ" ಅಂತ ಅವರಲ್ಲೊಬ್ಬಳು ಗಂಟುಬಿದ್ದಳು. ಗಂಟಲು ಸರಿಯಿಲ್ಲ ಮಾರಾಯ್ತಿ ಅಂತ ತಪ್ಪಿಸಿಕೊಂಡೆ. ಗಂಟಲಿಗೆ ಏನೂ ಆಗಿಲ್ಲ. ನಾನು ಗಟ್ಟಿಯಾಗಿ ಓದುವುದನ್ನು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ನನ್ನ ಮಗಳಿಗೆ ಕೂಡ ಒಂದು ಕಥೆ ಓದಿ ಹೇಳಿದವಳಲ್ಲ ನಾನು. ಯಾಕೆ ಅನ್ನುವುದನ್ನು ಅಮ್ಮ ಇರುವವರೆಗೆ ಯಾರಿಗೂ ಹೇಳುವ ಹಾಗಿರಲಿಲ್ಲ.

ನನಗಾಗ ಹನ್ನೊಂದು ವರ್ಷ. ಅಮ್ಮ ಊರಿನ ಒಂದು ಕಾಫಿ ಗೋಡೌನಿಗೆ ಬೀಜ ಆರಿಸಲು ಹೋಗುತ್ತಿದ್ದಳು. ಕುಯ್ಲು ಮುಗಿದು, ಎಸ್ಟೇಟುಗಳಿಂದ ಮೂಟೆ ಬಂದು ಬೀಳುವ ಕಾಲ. ಹದಿನೈದು ಹದಿನಾರು ಹೆಂಗಸರು ಎರಡು ಸಾಲಾಗಿ ಗೋಣಿ ಹಾಸಿಕೊಂಡು ಕೂತು, ಮೊರದಲ್ಲಿ ಬೀಜ ಹರಡಿ, ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದನ್ನು ಹೆಕ್ಕಿ ತೆಗೆಯುತ್ತಿದ್ದರು. ಹಸಿ ಬೀಜದ ಒಣಹುಲ್ಲಿನಂಥ ವಾಸನೆ, ಗೋಣಿಯ ವಾಸನೆ, ಡಬ್ಬಿ ಬಿಚ್ಚಿದರೆ ಅಕ್ಕಿರೊಟ್ಟಿ ಮತ್ತು ಸೂಜಿಮೆಣಸಿನ ಚಟ್ನಿಯ ವಾಸನೆ. ಶಾಲೆ ಬಿಟ್ಟರೆ ಸಾಕು, ಅಲ್ಲಿಗೇ ಓಡುತ್ತಿದ್ದೆ. ಗುಂಡಗಿರುವ ಒಂಟಿ ಬೀಜಗಳನ್ನು ಆಯ್ದುಕೊಂಡು ಅಳಗುಳಿಮಣೆ ಆಡುತ್ತಿದ್ದೆ.

ಗೋಡೌನು ನೋಡಿಕೊಳ್ಳುತ್ತಿದ್ದ ರೈಟರ್ ಸೋಮಣ್ಣನವರ ಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅವರ ಮನೆಯವರು ಓದಿ ಮುಗಿಸಿದ ಮೇಲೆ ಅದು ನಮ್ಮ ಕೈಗೆ. ಅದರ ಧಾರಾವಾಹಿಯನ್ನು ನಾನು ಒಂದು ಮೂಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಆ ಹೆಂಗಸರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. ಓದಿದ್ದಕ್ಕೆ ಪ್ರತಿಯೊಬ್ಬರೂ ತಾವು ಆರಿಸಿದ ಬೀಜದಲ್ಲಿ ಒಂದೊಂದು ಬೊಗಸೆಯನ್ನು ಅಮ್ಮನ ರಾಶಿಗೆ ಸುರಿಯುತ್ತಿದ್ದರು. ಕೂಲಿ ತೂಕದ ಲೆಕ್ಕದಲ್ಲಿ; ಬೊಗಸೆಯದು ಅವರೇ ಮಾಡಿಕೊಂಡ ಕಟ್ಟಳೆ. ಬೊಗಸೆ ಬೀಳುವಾಗ ಅಮ್ಮ ಬಿಂಕದಿಂದ ನನ್ನ ಕಡೆ ನೋಡುತ್ತಿದ್ದಳು. ನನಗೂ ಕೊಬ್ಬು ಬಂದಿತ್ತು ಬಿಡಿ.

ಸಾಲಿನ ಮೊದಲಿಗೆ ಕೂರುತ್ತಿದ್ದವಳು ಗಿರಿಜಕ್ಕ. ದಪ್ಪ ಹೆಂಗಸು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ನಗು. ಗಂಡ ಇಲ್ಲ. ಒಬ್ಬಳೇ ಮಗಳು ರತ್ನ. ಏಳನೇ ಕ್ಲಾಸಿನವರೆಗೆ ಓದಿದ್ದ ಅವಳು ಎರಡು ವರ್ಷದ ಕೆಳಗೆ ಶೇಖರ ಅನ್ನುವವನನ್ನು ಮೆಚ್ಚಿ, ತಾಯಿಯ ಮಾತು ಮೀರಿ ಅವನ ಜೊತೆ ಕುದುರೆಮುಖಕ್ಕೆ ಹೊರಟುಹೋಗಿದ್ದಳು. ಅವನು ಅಲ್ಲಿ ಗಣಿಯ ಕಂಟ್ರಾಕ್ಟರನ ಕೈಕೆಳಗೆ ಕೂಲಿ. "ಅವಳಾಗೇ ಒಂದ್ ಕಾಗ್ದ ಹಾಕೋವರೆಗೂ ಅವಳ ಹೊಸ್ತಿಲು ತುಳಿಯಲ್ಲ" ಅಂತ ಗಿರಿಜಕ್ಕ ಹಟ ಹಿಡಿದಿದ್ದಳು. ಆದರೂ ಪೋಸ್ಟಿನವನ ಸೈಕಲ್ಲು ಕಂಡರೆ ಅವಳ ಕೈ ಮೊರದ ಮೇಲೆ ನಿಂತುಬಿಡುತ್ತಿತ್ತು.

ಒಂದು ದಿನ ಧಾರಾವಾಹಿಯಲ್ಲಿ ನಾಯಕಿಯ ಮಗು ಹೊಳೆಗೆ ಬಿದ್ದು ಸತ್ತಿತು. ನಾನು ರಾಗ ಎಳೆದು ಓದಿದ್ದೇ ಓದಿದ್ದು. ಗಿರಿಜಕ್ಕ ಹೋ ಅಂತ ಅಳಲು ಶುರು ಮಾಡಿದಳು, ಉಳಿದವರೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವತ್ತಿನ ರಾಶಿಯಲ್ಲಿ ಕಪ್ಪು ಬೀಜ ಹಾಗೇ ಉಳಿದಿತ್ತು. ಸೋಮಣ್ಣನವರು ಕೆಂಡಾಮಂಡಲವಾದರು.

"ಕಣ್ಣಲ್ಲಿ ನೀರ್ ತುಂಬ್ಕೊಂಡು ಎಂಥ ಬೀಜ ಆರಿಸ್ತೀರಿ? ಅಳಿಸೋ ಕಥೆ ಓದೋದಾದ್ರೆ ನಾಳೆಯಿಂದ ಪತ್ರಿಕೆ ಬಂದ್!"

ಅವರು ಆಚೆ ಹೋದ ಮೇಲೆ ಗಿರಿಜಕ್ಕ ನನ್ನನ್ನು ಹತ್ತಿರ ಕರೆದಳು. "ಸುಮೀ, ಅಳೋದು ಬಂದ್ರೆ ಹಾರಿಸ್ಬಿಡೇ ಮಾರಾಯ್ತಿ. ಇಲ್ಲಾ ನೀನೇ ಏನಾದ್ರೂ ಚಂದ ಮಾಡಿ ಸೇರ್ಸು. ಅಳು ನಮ್ಮನೇಲೇ ಬೇಕಾದಷ್ಟಿದೆ."

ಅಲ್ಲಿಂದ ಶುರುವಾಯಿತು ನನ್ನ ದರ್ಬಾರು. ಸತ್ತ ಮಗುವನ್ನು ಮರುವಾರ ಮೀನುಗಾರರ ಮನೆಯಲ್ಲಿ ಬದುಕಿಸಿದೆ. ಜೈಲಿಗೆ ಹೋದವನನ್ನು ಬಿಡಿಸಿದೆ. ಕಣ್ಣು ಕೆಳಗಿನ ಸಾಲಿನ ಮೇಲೆ ಓಡುತ್ತಿರುವಾಗಲೇ ಬಾಯಿ ಬೇರೆಯದನ್ನು ಕಟ್ಟುತ್ತಿತ್ತು, ಎಲ್ಲೂ ತಡವರಿಸದೆ. ಯಾವುದು ಅಚ್ಚಾದದ್ದು, ಯಾವುದು ನನ್ನದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಂಗಸರು ಖುಷಿಯಾಗಿದ್ದರು, ಕೆಲಸವೂ ಸರಸರ ಸಾಗುತ್ತಿತ್ತು.

ಆ ಜನವರಿಯ ಕೊನೆಗೆ ರತ್ನಳ ಕಾಗದ ಬಂತು.

ಗಿರಿಜಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮಡಿಲಿಗೆ ಹಾಕಿದಳು. "ಓದೇ, ಗಟ್ಟಿಯಾಗ್ ಓದು. ನನ್ ಮಗ್ಳು ಸೋತ್ಲು ನೋಡ್ರೇ!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಎಲ್ಲ ಮೊರಗಳೂ ನಿಂತವು. ನಾನು ಇನ್‌ಲ್ಯಾಂಡ್ ಲೆಟರ್ ಬಿಡಿಸಿದೆ. ಮೊದಲ ಸಾಲುಗಳ ಮೇಲೆ ಕಣ್ಣಾಡಿಸಿದೆ.

"ಅಮ್ಮಾ, ನಂಗೆ ಎಂಟು ತಿಂಗಳು. ಕಾಲು ಮುಖ ಎಲ್ಲ ಊದಿಕೊಂಡಿದೆ. ತಲೆ ಸಿಡಿತಾ ಇರುತ್ತೆ, ಕಣ್ಣು ಮಂಜಾಗುತ್ತೆ. ಇಲ್ಲಿ ನಮಗೆ ಯಾರೂ ಇಲ್ಲ. ನಂಗೆ ಹೆದರಿಕೆ ಆಗ್ತಿದೆ ಅಮ್ಮಾ. ಸಿಟ್ಟು ಬಿಟ್ಟು ಒಂದ್ ಸಲ ಬಾ. ನೀನು ಬಂದ್ರೆ ಸಾಕು, ಇನ್ನೇನೂ ಬೇಡ."

ಇದು ಅದರಲ್ಲಿ ಇದ್ದದ್ದು. ನಾನು ತಲೆ ಎತ್ತಿದಾಗ ಗಿರಿಜಕ್ಕನ ಬಾಯಿ ನಗಲು ಅರ್ಧ ತೆರೆದಿತ್ತು. ಬಾಗಿಲಲ್ಲಿ ಸೋಮಣ್ಣನವರು ನಿಂತಿದ್ದರು. ನಾನು ಓದಿದ್ದು ಇದು: "ಅಮ್ಮಾ, ನಾನು ಬಸುರಿ, ಎಂಟು ತಿಂಗಳು. ಹುಷಾರಾಗಿದೀನಿ. ಅತ್ತೆ ಬಂದಿದಾರೆ, ಚೆನ್ನಾಗಿ ನೋಡ್ಕೊಳ್ತಾರೆ. ಹೂಮಳೆ ಬಿದ್ದ ಮೇಲೆ ಮಗೂನ ಎತ್ಕೊಂಡು ನಾನೇ ಬರ್ತೀನಿ. ಅಲ್ಲೀವರೆಗೆ ನೀನು ಸುಮ್ನೆ ಓಡಾಡಿ ದಣೀಬೇಡ."

ಆ ಕೊನೆಯ ಸಾಲು ಯಾಕೆ ಸೇರಿಸಿದೆನೋ! ಕೇಳಲು ಚಂದ ಇತ್ತು, ಅಷ್ಟೇ. ಕುದುರೆಮುಖವೇನು ದೂರವೇ? ಬಾಳೆಹೊನ್ನೂರು, ಕಳಸ ದಾಟಿ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ಊರು.

ಗಿರಿಜಕ್ಕ ಅವತ್ತೇ ಅಂಗಡಿಗೆ ಹೋಗಿ ಕೊಬ್ಬರಿ ಮಿಠಾಯಿ ತಂದು ಗೋಡೌನಿಗೆಲ್ಲ ಹಂಚಿದಳು. ನನಗೆ ಎರಡು. ತಿಂದೆ. ಮಾರನೆಯ ದಿನ ನಿಜ ಹೇಳಬೇಕು ಅಂತಲೇ ಹೋಗಿದ್ದೆ. ಅವಳು ಕುಪ್ಪಸದೊಳಗಿಂದ ಕಾಗದ ತೆಗೆದು "ಇನ್ನೊಂದ್ ಸಲ ಓದೇ" ಅಂದಳು. ನಾನು ಓದಿದೆ. ಆಮೇಲೆ ದಿನಕ್ಕೊಂದು ಸಲ. ಒಂದು ದಿನ 'ದಣೀಬೇಡ' ಬಿಟ್ಟುಹೋಯಿತು. "ಅಲ್ಲೇನೋ ದಣೀಬೇಡ ಅಂತ ಇತ್ತಲ್ಲೇ?" ಅಂದಳು. ಇದೆ ಇದೆ ಅಂದೆ. ಹಾಗೆ ಆ ಸುಳ್ಳು ನನಗೆ ಬಾಯಿಪಾಠವಾಯಿತು. ಹೇಳಿದರೆ ಬೈಸಿಕೊಳ್ಳುತ್ತೇನೆ ಅನ್ನುವ ಹೆದರಿಕೆ ಒಂದು ಕಡೆ, ಅವಳ ಆ ಮುಖ ಇನ್ನೊಂದು ಕಡೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ವಾರ ಕಳೆಯುವಷ್ಟರಲ್ಲಿ ತೋಟಗಳೆಲ್ಲ ಬೆಳ್ಳಗೆ. ಗೋಡೌನಿನ ಒಳಗೂ ಕಾಫಿಹೂವಿನ ಘಮ. ಗಿರಿಜಕ್ಕ ಬಾಣಂತಿಗೆ ಅಂತ ಅಂಟಿನುಂಡೆ ಕಟ್ಟಿದಳು, ಹಳೆ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡಿದಳು. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಎದ್ದು ಹೋಗಿ ಇಣುಕುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶೇಖರ ಬಂದ. ಒಬ್ಬನೇ. ತೋಳಿನಲ್ಲಿ ಒಂದು ಬಟ್ಟೆಯ ಗಂಟಿನಂಥದು, ಅದರೊಳಗೆ ತಿಂಗಳ ಕೂಸು. ಗಿರಿಜಕ್ಕ ಅವನ ಹಿಂದೆ ಯಾರಾದರೂ ಬರುತ್ತಿದ್ದಾರೋ ಅಂತ ನೋಡಿದಳು. ಅವನು ನಿಂತಲ್ಲೇ ಹೇಳಿದ. "ಹೆರಿಗೇಲಿ ಹೋಗ್ಬಿಟ್ಲು ಅತ್ತೆ. ಫಿಟ್ಸ್ ಬಂತು. ಕಾಗ್ದ ಹಾಕಿದೀನಿ, ಅಮ್ಮ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಬಾಗ್ಲೇ ನೋಡ್ತಿದ್ಲು. ನೀವು ಬರ್ಲಿಲ್ಲ. ಈ ಕೂಸನ್ನ ನಂಗೆ ಸಾಕಕ್ಕೆ ಬರಲ್ಲ. ನಿಮ್ ಹತ್ರ ಬಿಡಣಾಂತ ಬಂದೆ."

ಗಿರಿಜಕ್ಕ ಅಳಲಿಲ್ಲ. "ಸುಳ್ಳು" ಅಂದಳು. "ಹುಷಾರಾಗಿದೀನಿ ಅಂತ ಬರ್ದಿದಾಳೆ ನನ್ ಮಗ್ಳು. ನಿನ್ ಅವ್ವ ನೋಡ್ಕೊಳ್ತಿದ್ಲಲ್ಲ, ಅವಳೇನ್ ಮಾಡ್ತಿದ್ಲು?"

"ನಮ್ಮವ್ವ ಸತ್ತು ಆರು ವರ್ಷ ಆಯ್ತಲ್ಲ ಅತ್ತೆ" ಅಂದ ಅವನು.

ಅಮ್ಮ ಆಗ ನನ್ನನ್ನು ನೋಡಿದಳು. ಆ ನೋಟ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು.

ಗಿರಿಜಕ್ಕ ಕಾಗದ ತೆಗೆದು ನನ್ನ ಕೈಗೆ ತುರುಕಿದಳು. "ಓದು ಸುಮಿ. ಇವ್ನಿಗೂ ಕೇಳ್ಲಿ." ಶೇಖರನಿಗೆ ಅಕ್ಷರ ಬರುತ್ತಿರಲಿಲ್ಲ. ಸೋಮಣ್ಣನವರು ಊಟಕ್ಕೆ ಹೋಗಿದ್ದರು. ಆ ಹಾಳೆಯಲ್ಲಿ ಏನಿದೆ ಅಂತ ಬಲ್ಲವಳು ನಾನೊಬ್ಬಳೇ. ದನಿ ನಡುಗಲಿಲ್ಲ. ಹುಷಾರಾಗಿದೀನಿ, ಅತ್ತೆ ಬಂದಿದಾರೆ, ಹೂಮಳೆ ಬಿದ್ದ ಮೇಲೆ ಬರ್ತೀನಿ, ದಣೀಬೇಡ. ಒಂದು ಅಕ್ಷರ ಬಿಡದೆ ಓದಿದೆ.

"ಕೇಳ್ದಾ? ಹೊಡ್ದು ಬಡ್ದು ಕೊಂದು ನನ್ ಮುಂದೆ ಕಥೆ ಕಟ್ತೀಯಾ?" ಗಿರಿಜಕ್ಕ ಕೈಗೆ ಸಿಕ್ಕಿದ ಮೊರವನ್ನೇ ಅವನ ಮೇಲೆ ಎಸೆದಳು. ಬೀಜ ಚೆಲ್ಲಿತು. ಕೂಸು ಕಿರುಚಿತು. ಉಳಿದ ಹೆಂಗಸರೂ ಎದ್ದು ಅವನನ್ನು ಬೈಯತೊಡಗಿದರು. ಅವನು ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ. "ಅವಳು ಹಂಗೆ ಬರೆಯಕ್ಕೆ ಸಾಧ್ಯನೇ ಇಲ್ಲ" ಅಂತ ಮೆಲ್ಲಗೆ ಅಂದ. ಆಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಹೊರಟುಹೋದ. ಅದು ಗಂಡೋ ಹೆಣ್ಣೋ ಅಂತ ಕೂಡ ನಾವು ಯಾರೂ ಕೇಳಲಿಲ್ಲ.

ಅಮ್ಮ ನನಗೆ ಹೊಡೆಯಲಿಲ್ಲ. ಮನೆಗೆ ಬಂದು ನಡುಮನೆಯಲ್ಲಿ ಕುಸಿದು ಕೂತಳು. ನಾನು ಎಲ್ಲ ಹೇಳಿದೆ. "ಇದು ನಿನ್ ಬಾಯಿಂದ ಇನ್ನೊಂದ್ ಸಲ ಬರ್ಕೂಡ್ದು. ಈಗ ಗೊತ್ತಾದ್ರೆ ಅವ್ಳು ಬಾವಿ ನೋಡ್ಕೊಳ್ತಾಳೆ" ಅಂದಳು. ಮುಂದಿನ ಭಾನುವಾರ ನಾವಿಬ್ಬರೂ ಯಾರಿಗೂ ಹೇಳದೆ ಕುದುರೆಮುಖಕ್ಕೆ ಹೋದೆವು. ಶೇಖರ ಲೆಕ್ಕ ಚುಕ್ತಾ ಮಾಡಿಸಿಕೊಂಡು ಕೂಸಿನ ಜೊತೆ ಎಲ್ಲಿಗೋ ಹೋಗಿದ್ದ. ಅವನ ಊರು ಯಾವುದು ಅಂತ ಪಕ್ಕದ ಶೆಡ್ಡಿನವರಿಗೂ ತಿಳಿದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಕೈ ಬಿಡಲೇ ಇಲ್ಲ.

ಮರುವಾರ ಪತ್ರಿಕೆ ಬಂದಾಗ ನಾನು ಮೂಟೆಯ ಮೇಲೆ ಕೂರಲಿಲ್ಲ. ಜ್ವರ ಅಂದೆ, ಪರೀಕ್ಷೆ ಅಂದೆ, ಕೊನೆಗೆ ಅವರೇ ಕೇಳುವುದನ್ನು ಬಿಟ್ಟರು. ಗಿರಿಜಕ್ಕ ವರ್ಷದ ತಿಥಿ ಮುಗಿಸಿ, ಕಳಸದಲ್ಲಿ ಭದ್ರಾ ಹೊಳೆಗೆ ಮಗಳ ಬಳೆಗಳ ಜೊತೆ ಆ ಕಾಗದವನ್ನೂ ಬಿಟ್ಟು ಬಂದಳಂತೆ. ಅದನ್ನು ಕೇಳಿ ನನಗೆ ಬಚಾವಾದೆ ಅನ್ನಿಸಿತು. ಹೌದು, ಹಾಗೇ ಅನ್ನಿಸಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಈಗ ಬೀಜ ಆರಿಸುವುದಕ್ಕೆ ಮೆಷಿನ್ ಬಂದಿದೆ, ಕಪ್ಪು ಬೀಜವನ್ನು ಅದೇ ಕಂಡುಹಿಡಿದು ಚಿಮ್ಮಿಸುತ್ತದೆ. ಗೋಡೌನಿನಲ್ಲಿ ಹೆಂಗಸರ ಸಾಲಿಲ್ಲ, ಕಥೆ ಕೇಳುವವರೂ ಇಲ್ಲ. ಕುದುರೆಮುಖದಲ್ಲಿ ಗಣಿ ನಿಂತು, ಮನೆಗಳು ಖಾಲಿ ಬಿದ್ದಿವೆ. ಆ ಕೂಸು ಬದುಕಿದ್ದರೆ ಮಕ್ಕಳೊಂದಿಗನಾಗಿಯೋ ಮಕ್ಕಳೊಂದಿಗಳಾಗಿಯೋ ಎಲ್ಲೋ ಇರಬೇಕು. ಎಷ್ಟು ವಿಚಾರಿಸಿದರೂ ಸಿಗಲಿಲ್ಲ.

ಹೋದ ವರ್ಷ ಅಮ್ಮ ತೀರಿಕೊಂಡಳು. ತಿಂಗಳು ಕಳೆದ ಮೇಲೆ ನಾನು ಗಿರಿಜಕ್ಕನನ್ನು ಹುಡುಕಿಕೊಂಡು ಹೋದೆ. ಕಳಸದ ಹತ್ತಿರ ತಂಗಿಯ ಮಗನ ಮನೆಯಲ್ಲಿದ್ದಾಳೆ. ಆ ದಪ್ಪ ಮೈ ಎಲ್ಲಿ ಕರಗಿಹೋಯಿತೋ, ಹಿಡಿಯಷ್ಟಾಗಿದ್ದಾಳೆ. ಜಗಲಿಯಲ್ಲಿ ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆ, ಶಪಿಸುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಭುಜ ಹಿಡಿದು ಅಲುಗಿಸಿದಳು.

"ಕರ್ದಿದ್ಲಾ? ನನ್ನ ಬಾ ಅಂತ ಕರ್ದಿದ್ಲಾ ಅವ್ಳು?"

"ಹೌದು ಗಿರಿಜಕ್ಕ."

"ಅಯ್ಯೋ ನನ್ ಕಂದಾ! ನನ್ನ ಬರ್ಬೇಡ ಅಂದು ಸತ್ಲಲ್ಲ ಅಂತ ಇಷ್ಟು ವರ್ಷ ಅವಳ ಮೇಲೆ ಸಿಟ್ಟಲ್ಲೇ ಇದ್ನಲ್ಲೇ!" ಅವಳ ಮುಖದಲ್ಲಿ ಅಳು ಯಾವುದು, ಸಂತೋಷ ಯಾವುದು ಗೊತ್ತಾಗಲಿಲ್ಲ. "ಹೇಳು. ಏನ್ ಬರ್ದಿದ್ಲು, ಇದ್ದದ್ದು ಇದ್ದ ಹಾಗೆ ಹೇಳು."

ನಾನು ಹೇಳಿದೆ. ಕಾಲು ಮುಖ ಊದಿದ್ದು, ಕಣ್ಣು ಮಂಜಾಗಿದ್ದು, ನೀನು ಬಂದ್ರೆ ಸಾಕು ಇನ್ನೇನೂ ಬೇಡ ಅಂದದ್ದು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಇದು ಅವಳು ಬರ್ದಿದ್ದೇನಾ ಸುಮಿ? ಇಲ್ಲ, ಮುದುಕಿಗೆ ಸಮಾಧಾನ ಆಗ್ಲಿ ಅಂತ ಈಗ್ಲೂ ನೀನೇ ಚಂದ ಮಾಡಿ ಹೇಳ್ತಿದೀಯಾ?"

ಅಮ್ಮನ ಮೇಲೆ ಆಣೆ ಮಾಡಿದೆ. ಮಗಳ ಮೇಲೆ ಆಣೆ ಮಾಡಿದೆ. ಗಿರಿಜಕ್ಕ ತಲೆಯಾಡಿಸಿದಳು. ನನ್ನ ಕೈ ಸವರಿ, "ಆಯ್ತು ಬಿಡು ಮಗಾ, ಕಾಫಿ ಕುಡ್ಕೊಂಡು ಹೋಗು" ಅಂದು ಗೋಡೆ ಹಿಡಿದು ಎದ್ದಳು. ಅವಳು ನಂಬಲಿಲ್ಲ.