ಹುಳು ಹಣ್ಣಾದ ದಿನ ಹೋದ ಮುನಿಶಾಮಪ್ಪ

ಬೆಳಿಗ್ಗೆ ಐದೂವರೆ. ಜಂಗಮಕೋಟೆ ಪಕ್ಕದ ತೋಟದಲ್ಲಿ ಓಬಳಮ್ಮ ಸೆರಗು ಬಿಗಿದು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾರೆ. ವಯಸ್ಸು ಐವತ್ತೆಂಟು. ಬಿಸಿಲೇರುವ ಮೊದಲು ನಾಲ್ಕು ಹೊರೆ ಮನೆ ಸೇರಬೇಕು; ಬಾಡಿದ ಸೊಪ್ಪನ್ನು ರೇಷ್ಮೆ ಹುಳು ಮೂಸುವುದೂ ಇಲ್ಲ. ದಿನಕ್ಕೆ ಮೂರು ಸಲ ಮೇವು, ವರ್ಷಕ್ಕೆ ಆರು ಬೆಳೆ. ಹೋದ ವರ್ಷದ ತನಕ ಈ ಹೊರೆ ಹೊರುತ್ತಿದ್ದವರು ಅವರ ಗಂಡ ಮುನಿಶಾಮಪ್ಪ.

"ಮೂವತ್ತು ವರ್ಷ ನನ್ನ ತಲೆ ಮೇಲೆ ಒಂದು ಹೊರೆ ಇಟ್ಟೋರಲ್ಲ ಕಣಪ್ಪ. 'ಇನ್ನೊಂದು ಗಳಿಗೆ ಮಲಕ್ಕೊಳ್ಳೇ, ಸೊಪ್ಪೇನು ಓಡೋಗ್ತದಾ' ಅನ್ನೋರು. ಈಗ ಹೊರೆ ಎತ್ತಿದ್ರೆ ಕತ್ತು ಯಾವ ಕಡೆ ತಿರುಗ್ತದೋ ನಂಗೇ ಗೊತ್ತಾಗಲ್ಲ," ಎಂದು ನಗುತ್ತಾರೆ.

ಬಸ್‌ಸ್ಟ್ಯಾಂಡ್ ಮುಂದೆ ಶಾಲು ಹೊದ್ದವರ ಫ್ಲೆಕ್ಸುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಜೀವಮಾನದಲ್ಲಿ ಒಂದು ಹೊರೆ ಸೊಪ್ಪು ಹೊರದವರೂ ಅಲ್ಲಿ ರೈತಬಂಧುಗಳು. ಮುನಿಶಾಮಪ್ಪನ ಮುಖ ಮಾತ್ರ ಎಲ್ಲೂ ಇಲ್ಲ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಅಂದರೆ ಚಂದ್ರಿಕೆ, ಬೇಕೆಂದು ಯಾರೇ ಬಂದರೂ ಅವರು ಇಲ್ಲವೆಂದವರಲ್ಲ. ಯಾರ ಮನೆಯಲ್ಲಾದರೂ ಕಾಯಿಲೆ, ಸಾವು ಎಂದರೆ ಆ ಮನೆಯ ಹುಳುವಿಗೆ ತಾವೇ ಹೋಗಿ ಸೊಪ್ಪು ಹಾಕುತ್ತಿದ್ದರು. ಹುಳುವಿಗೆ ರೋಗ ಬಾರದಂತೆ ಎರಚುವ ಸುಣ್ಣಕ್ಕೆ ಓಬಳಮ್ಮನ ಕೈ ಒಡೆದಿರುತ್ತಿತ್ತೆಂದು ಮಗಳು ಕವಿತಳ ಜಡೆಯೂ ಅವರದೇ ಕೆಲಸ.

"ಹಸು ಕಟ್ಟೋ ಹಗ್ಗದ ತರ ಬಿಗಿಯೋರು ನಮ್ಮಪ್ಪ. ಸ್ಕೂಲಲ್ಲಿ ಎಲ್ರೂ ನಗೋರು. ಆದ್ರೆ ಖೋಖೋ ಆಡಿದ್ರೂ ಬಿಚ್ತಿರಲಿಲ್ಲ!" ಎನ್ನುತ್ತಾರೆ ಕವಿತ. ಈಗ ಚಿಂತಾಮಣಿಯಲ್ಲಿ ನರ್ಸ್.

ಹೋದ ಕಾರ್ತಿಕದ ಒಂದು ಬೆಳಿಗ್ಗೆ ಹುಳು ಹಣ್ಣಾದವು. ಮೇವು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಗೂಡಿಗೆ ಜಾಗ ಹುಡುಕತೊಡಗಿದವು. ಅವತ್ತೇ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು. ಮುನಿಶಾಮಪ್ಪನ ನಲವತ್ತು ಚಂದ್ರಿಕೆಯೂ ಊರವರ ಮನೆಗಳಲ್ಲಿ! "ಚಂದ್ರಿಕೆ ತರಿಸ್ಬೇಕು ಕಣೇ" ಎನ್ನುತ್ತ ಕಾಫಿಗೆ ಕೂತವರು ಮತ್ತೆ ಏಳಲಿಲ್ಲ.

ಹಜಾರದಲ್ಲಿ ಗಂಡ, ಹಿತ್ತಲ ಹುಳುಮನೆಯಲ್ಲಿ ಹಣ್ಣಾದ ಹುಳು. ಅಳುತ್ತಿದ್ದ ಓಬಳಮ್ಮ ಎದ್ದು ಅತ್ತ ನಡೆದರು.

"ಅಯ್ಯೋ ದೇವುಡಾ! ಗಂಡ ಇಲ್ಲಿ ಮಲಗವ್ನೆ, ಇವ್ಳಿಗೆ ಹುಳದ ಚಿಂತೆ!" ಎಂದರು ಮುನಿಶಾಮಪ್ಪನ ಅಕ್ಕ ಗಂಗುಲಮ್ಮ.

"ಅವ್ರು ಹೇಳಿದ ಕೊನೇ ಕೆಲ್ಸ ಅತ್ಗೆ. ನೀವು ಬೈತಾ ಇರಿ, ನಾನು ಮಾಡ್ತಾ ಇರ್ತೀನಿ."

ಆದರೆ ಚಂದ್ರಿಕೆ ತರುವವರು ಯಾರು? ಸಾವಿನ ಮನೆ ತುಳಿದವರು ತಮ್ಮ ಹುಳುಮನೆಗೆ ಕಾಲಿಟ್ಟರೆ ಹುಳು ಕೆಡುತ್ತದೆಂಬುದು ಈ ಕಡೆಯ ನಂಬಿಕೆ. ಅವತ್ತು ಅರ್ಧ ಊರಿನಲ್ಲಿ ಹುಳುವಿತ್ತು. ಮೊದಲು ಬಂದವರು ಪಕ್ಕದ ಮನೆಯ ಬಯ್ಯಪ್ಪ, ತಲೆ ಮೇಲೆ ಎರಡು ಚಂದ್ರಿಕೆ.

"ನಿನ್ನ ಹುಳು ಕೆಡ್ತದಲ್ಲೋ ಬಯ್ಯಪ್ಪಾ!" ಎಂದರು ಓಬಳಮ್ಮ.

"ನಮ್ಮಮ್ಮ ಹೋದಾಗ ಮುನಿಶಾಮಣ್ಣ ಶಾಸ್ತ್ರ ಕೇಳ್ಕೊಂಡು ಸೊಪ್ಪು ಹಾಕೋಕೆ ಬಂದ್ರಾ ಅಕ್ಕ? ಜಾಗ ಬಿಡಿ, ಇಳಿಸ್ತೀನಿ."

ಅವರ ಹಿಂದೆ ಹತ್ತು ಜನ, ಇಪ್ಪತ್ತು ಜನ. ಹೊರಗೆ ಗಂಡಸರು ಚಟ್ಟ ಕಟ್ಟಿದರು, ಒಳಗೆ ಹೆಂಗಸರು ಹುಳು ಆಯ್ದರು. ಗಂಗುಲಮ್ಮನೂ ಮೂಗು ಒರೆಸಿಕೊಂಡು ಸೆರಗು ಸಿಕ್ಕಿಸಿದರು. ಮಣ್ಣಿಗೆ ಹೊರಡುವ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಸೇರಿತ್ತು. ಬಯ್ಯಪ್ಪನ ಹುಳುವೇನೂ ಕೆಡಲಿಲ್ಲ.

ಈಗ ಯಾರ ಮನೆಯಲ್ಲಿ ಹುಳು ಹಣ್ಣಾದರೂ ಓಬಳಮ್ಮ ಕರೆಯುವ ಮೊದಲೇ ಹೋಗುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಹೊರೆಗೆ ಹಗ್ಗ ಬಿಗಿಯುತ್ತಲೇ ಹೇಳುತ್ತಾರೆ.

"ಅವ್ರು ಹೋದಾಗ ಊರೋರಿಗೆ ಅಳೋಕೂ ಪುರುಸೊತ್ತಿರಲಿಲ್ಲ, ಪಾಪ. ನಾನು ಹೋಗೋ ದಿನ ಹುಳು ಪೊರೆ ಬಿಡೋಕೆ ಮಲಗಿರ್ಬೇಕಪ್ಪ. ಆವಾಗ ಅವು ಒಂದು ದಿನ ಸೊಪ್ಪು ಮುಟ್ಟಲ್ಲ. ಎಲ್ರೂ ನಿಧಾನಕ್ಕೆ ಕೂತು ಅತ್ಕೊಂಡು ಹೋಗ್ಲಿ."